ಫ್ಯಾನ್ ಸದ್ದು ತಗ್ಗಿಸುವ ನಾಬ್ ವೈರು: ಕೊಳ್ಳುವ ಮುನ್ನ ಮಲ್ಟಿಮೀಟರ್ ಇಟ್ಟು ನೋಡಿ

ಮೈಸೂರಿನ ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ ಸಾಮಾನಿದು, ಕಂಪ್ಯೂಟರ್ ಕ್ಯಾಬಿನೆಟ್ಟಿನ ಫ್ಯಾನಿನ ವೇಗ ಇಳಿಸಿ ಸದ್ದು ತಗ್ಗಿಸುವ ನಾಬ್ ವೈರು. ಒಂದು ತುದಿಗೆ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಿಕ್ಕಿಸುವ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ಗು, ಇನ್ನೊಂದು ತುದಿಗೆ ಮೂರು ಪಿನ್ನಿನ ಫ್ಯಾನ್ ಸಾಕೆಟ್, ನಡುವೆ ಕ್ಯಾಬಿನೆಟ್ಟಿನ ಹಿಂಬದಿ ಪಟ್ಟಿಗೆ ಕೂರುವ ನಾಬ್. ಒಳಗಿರುವುದು ಒಂದು ವೇರಿಯಬಲ್ ರೆಸಿಸ್ಟರ್, ಅಂದರೆ ಪಾಟ್, ಅಷ್ಟೇ. ಗೋಡೆಯ ಮೇಲೆ ಡಬ್ಬದ ಹಾಗೆ ಕೂತು, ಮುಟ್ಟಿದರೆ ಬಿಸಿಯಾಗಿರುತ್ತಿದ್ದ ಹಳೆಯ ಸೀಲಿಂಗ್ ಫ್ಯಾನ್ ರೆಗ್ಯುಲೇಟರಿನ ತತ್ವವೇ ಇಲ್ಲೂ ಇದೆ: ಫ್ಯಾನಿಗೆ ಹೋಗಬೇಕಾದ ವೋಲ್ಟೇಜಿನಲ್ಲಿ ಒಂದು ಪಾಲನ್ನು ತಾನು ತಡೆದು ಶಾಖ ಮಾಡಿ ಬಿಡುವುದು.

ತೊಂದರೆಯೆಂದರೆ, ಹೊರಗಿಂದ ಒಂದೇ ಥರ ಕಾಣುವ ಈ ಕವರುಗಳಲ್ಲಿ ಎರಡು ಬಗೆಯ ಮಾಲಿದೆ. ಒಂದರಲ್ಲಿ 100 ಓಮ್, 3 ವ್ಯಾಟಿನ ವೈರ್‌ವೌಂಡ್ (ತಂತಿ ಸುತ್ತಿದ) ಪಾಟ್. ಇನ್ನೊಂದರಲ್ಲಿ ರೇಡಿಯೋ ವಾಲ್ಯೂಮಿಗೆ ಹಾಕುವ 10 ಕಿಲೋ ಓಮ್ ಕಾರ್ಬನ್ ಪಾಟ್, ಬೆನ್ನ ಮೇಲೆ ಬಿ103 ಎಂಬ ಗುರುತು. ಎರಡನೆಯದನ್ನು ಪುಕ್ಕಟೆ ಕೊಟ್ಟರೂ ಬೇಡ. ಫ್ಯಾನ್ ತಿರುಗಬೇಕಾದರೆ ಸರಣಿಯಲ್ಲಿ ಹೆಚ್ಚೆಂದರೆ 100–150 ಓಮ್ ಇರಬಹುದು. 10 ಕಿಲೋ ಪಾಟಿನ 300 ಡಿಗ್ರಿ ಸುತ್ತಿನಲ್ಲಿ ಅದು ಕೊನೆಯ ನಾಲ್ಕೈದು ಡಿಗ್ರಿ ಮಾತ್ರ. ಅಲ್ಲಿಯವರೆಗೆ ಫ್ಯಾನ್ ಅಲ್ಲಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಜೋರು. ಆ ಕೊನೆಯ ಚೂರು ಕಾರ್ಬನ್ ಪಟ್ಟಿಯ ಮೇಲೆ 150 ಮಿಲಿಆಂಪ್ ಹರಿಯುತ್ತದೆ. ಕಾಲು ವ್ಯಾಟಿನ ಆ ಪಾಟು ತಾಳುವುದು 5 ಮಿಲಿಆಂಪ್ ಅಷ್ಟೇ. ಪಟ್ಟಿ ಸುಟ್ಟು ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಪತ್ತೆ ಹಚ್ಚಲು ಬಿಚ್ಚಬೇಕಿಲ್ಲ. ಮಲ್ಟಿಮೀಟರನ್ನು 200 ಓಮ್ ರೇಂಜಿಗಿಟ್ಟು, ಒಂದು ಕಡ್ಡಿಯನ್ನು ಮೋಲೆಕ್ಸಿನ ಹಳದಿ ವೈರಿನ (12 ವೋಲ್ಟಿನದು) ಪಿನ್ನಿಗೂ ಇನ್ನೊಂದನ್ನು ಫ್ಯಾನ್ ಸಾಕೆಟ್ಟಿನ ನಡುವಿನ ಪಿನ್ನಿಗೂ ಹಿಡಿದು ನಾಬನ್ನು ಮೆಲ್ಲಗೆ ತಿರುಗಿಸಿ. ಸೊನ್ನೆಯ ಹತ್ತಿರದಿಂದ 100ರವರೆಗೆ ಎಲ್ಲೂ ನೆಗೆಯದೆ ಏರಬೇಕು. ಮೀಟರು ಎಡಗಡೆ ಬರೀ 1 ತೋರಿಸಿ ನಿಂತರೆ ಅದು ಕಿಲೋ ಓಮಿನ ಮಾಲು, ವಾಪಸ್ ಕೊಡಿ. ಹಳದಿ ವೈರಿಗೆ ಏನೂ ಸಿಗದೆ ಕೆಂಪಿಗೆ ಸಿಕ್ಕರೆ ಜೋಡಿಸಿದವರು 5 ವೋಲ್ಟಿನ ಗೆರೆಗೆ ಕೊಟ್ಟಿದ್ದಾರೆ ಎಂದರ್ಥ.

ಇನ್ನು ಒಳ್ಳೆಯ ಬಗೆಯದು ಹೇಗೆ ನಡೆಯುತ್ತದೆ ಎಂಬುದು. 120 ಮಿಲಿಮೀಟರಿನ, ಲೇಬಲ್ಲಿನಲ್ಲಿ 0.15 ಆಂಪ್ ಎಂದಿರುವ ಫ್ಯಾನನ್ನು ಅಂದಾಜಿಗೆ 80 ಓಮ್ ಎಂದುಕೊಳ್ಳಿ. ನಾಬ್ ಪೂರ್ತಿ ಇಳಿಸಿದಾಗ ಫ್ಯಾನಿಗೆ ಉಳಿಯುವುದು 5.3 ವೋಲ್ಟಿನ ಆಸುಪಾಸು. ಓಡುತ್ತಿರುವ ಫ್ಯಾನ್ ಅಷ್ಟರಲ್ಲಿ ಓಡಿಕೊಂಡೇ ಇರುತ್ತದೆ, ಆದರೆ ನಿಂತ ಫ್ಯಾನ್ ಹೊರಡಲು ಬಹಳ ಸಲ 6–7 ವೋಲ್ಟ್ ಬೇಕು. ಈ ಸಾಮಾನಿನ ದೊಡ್ಡ ಕುಂದು ಇದೇ. ರಾತ್ರಿ ಸದ್ದಾಗದಿರಲಿ ಎಂದು ನಾಬ್ ಇಳಿಸಿ ಮಲಗಿದರೆ, ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದಾಗ ಫ್ಯಾನ್ ಹೊರಡುವುದಿಲ್ಲ, ಹೊರಡಲಿಲ್ಲ ಎಂದು ಹೇಳುವವರೂ ಇಲ್ಲ: ಇದರಲ್ಲಿ ಸ್ಪೀಡ್ ಸಿಗ್ನಲ್ಲಿನ ಮೂರನೇ ವೈರನ್ನೇ ಬಿಟ್ಟಿರುತ್ತಾರೆ.

ಸರಿಪಡಿಸಲು ಎರಡು ರೂಪಾಯಿಯ ಕೆಲಸ. ಪಾಟಿನ ಎರಡು ಹೊರಗಾಲುಗಳ ನಡುವೆ 100 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಬೆಸೆಯಿರಿ. ಗರಿಷ್ಠ ತಡೆ 50 ಓಮಿಗಿಳಿದು ಫ್ಯಾನಿಗೆ ಕನಿಷ್ಠ 7.4 ವೋಲ್ಟ್ ಖಾತ್ರಿಯಾಗುತ್ತದೆ. ಬಳಸದೆ ಬಿಟ್ಟ ಹೊರಗಾಲನ್ನು ನಡುಗಾಲಿಗೆ ಸೇರಿಸಿಯೂ ಬಿಡಿ, ಧೂಳು ಕೂತು ನಡುಗಾಲು ಸಂಪರ್ಕ ತಪ್ಪಿದರೂ ಫ್ಯಾನ್ ನಿಲ್ಲದೆ ನಿಧಾನವಾಗಿಯಾದರೂ ತಿರುಗುತ್ತದೆ. ಬೆಸುಗೆಯ ಮೇಲೆ ಸ್ಲೀವ್ ಹಾಕಿ. ಕಂಪನಿಯವರು ಸುತ್ತಿ ಕಳಿಸುವ ಇನ್ಸುಲೇಷನ್ ಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ ಜಾರುತ್ತದೆ.

ಒಂದು ನಾಬಿಗೆ ಒಂದೇ ಫ್ಯಾನ್. 100 ಓಮ್, 3 ವ್ಯಾಟ್ ಅಂದರೆ ಸುರುಳಿಯ ಯಾವ ಭಾಗದಲ್ಲೂ 0.17 ಆಂಪ್ ಮೀರಬಾರದು ಎಂದು ಲೆಕ್ಕ. ವೈ ವೈರು ಹಾಕಿ ಎರಡು ಫ್ಯಾನ್ ಎಳೆದರೆ 0.3 ಆಂಪ್ ಆಗಿ, ಜೋರಿನ ತುದಿಯ ಕೆಲವೇ ಸುತ್ತುಗಳು ಮಿತಿ ಮೀರಿ ಕಾಯುತ್ತವೆ. ಪ್ರೊಸೆಸರ್ ಫ್ಯಾನಿಗಂತೂ ಇದನ್ನು ಹಾಕಲೇಬಾರದು.

ಲಾಭ ನಿಜಕ್ಕೂ ಇದೆ. ನಿಮಿಷಕ್ಕೆ 1200 ಸುತ್ತಿನ ಫ್ಯಾನನ್ನು 800ಕ್ಕೆ ಇಳಿಸಿದರೆ ಗಾಳಿ ಮೂರರಲ್ಲಿ ಎರಡು ಪಾಲಿಗಿಳಿಯುತ್ತದೆ, ಸದ್ದು ಸುಮಾರು 9 ಡೆಸಿಬೆಲ್ ತಗ್ಗುತ್ತದೆ. ಸರಸ್ವತಿಪುರಂನ ಬಾಡಿಗೆ ರೂಮಿನಲ್ಲಿ ಮಂಚದ ಪಕ್ಕವೇ ಕ್ಯಾಬಿನೆಟ್ ಇಟ್ಟುಕೊಂಡವರಿಗೆ ಅದು ಸಣ್ಣ ಮಾತಲ್ಲ. ಕರೆಂಟ್ ಬಿಲ್ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದರೆ ನಕ್ಕುಬಿಡಿ, ಇಲ್ಲಿರುವುದೇ ಎರಡು ವ್ಯಾಟಿಗೂ ಕಡಿಮೆಯ ವ್ಯವಹಾರ. ದಸರಾ ಹೊತ್ತಿನ ತಂಪಿನಲ್ಲಿ ಹೊಂದಿಸಿದ ನಾಬ್ ಏಪ್ರಿಲ್ಲಿನ 35 ಡಿಗ್ರಿಗೆ ಹೊಂದುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು, ಪ್ರೊಸೆಸರ್ ಮತ್ತು ಹಾರ್ಡ್ ಡಿಸ್ಕಿನ ತಾಪ ನೋಡಿ ಮತ್ತೆ ಹೊಂದಿಸಬೇಕು.

ಬೆಸುಗೆ ಕಬ್ಬಿಣ ಹಿಡಿಯಲು ಬರುವವರು ಇದನ್ನು ಕೊಳ್ಳುವ ಬದಲು ಎಲ್‌ಎಂ317 ಎಂಬ, ವೋಲ್ಟೇಜ್ ಹೊಂದಿಸುವ ಐಸಿ ಹಾಕುವುದು ಮೇಲು. 240 ಓಮ್, 680 ಓಮ್, ಜೊತೆಗೆ 1 ಕಿಲೋ ಪಾಟ್ ಸಾಕು, 4.8ರಿಂದ 10 ವೋಲ್ಟ್ ಸಿಗುತ್ತದೆ. ಇಲ್ಲಿ ಪಾಟಿನ ಮೇಲೆ ಹರಿಯುವುದು ಐದಾರು ಮಿಲಿಆಂಪ್, 1 ಕಿಲೋ ಪಾಟು 10 ಕಿಲೋದ್ದಕ್ಕಿಂತ ಹೆಚ್ಚು ತಾಳುತ್ತದೆ, ಆದ್ದರಿಂದ ಮಾಮೂಲಿ ಕಾರ್ಬನ್ ಪಾಟೇ ನಡೆಯುತ್ತದೆ. ಐಸಿಯ ಲೋಹದ ಬೆನ್ನು ಔಟ್‌ಪುಟ್ಟಿಗೆ ಸೇರಿರುತ್ತದೆ, ಮೈಕಾ ತುಂಡಿಲ್ಲದೆ ಕ್ಯಾಬಿನೆಟ್ಟಿಗೆ ಬಿಗಿದರೆ ಶಾರ್ಟ್. ಪೂರ್ತಿ 12 ವೋಲ್ಟ್ ಇದರಿಂದ ಬರುವುದಿಲ್ಲ, ಸುಮಾರು 2 ವೋಲ್ಟನ್ನು ಅದೇ ಇಟ್ಟುಕೊಳ್ಳುತ್ತದೆ.

ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನ್ (ವೇಗದ ಆದೇಶವನ್ನು ನಾಲ್ಕನೇ ವೈರಿನಲ್ಲಿ ಪಡೆಯುವಂಥದ್ದು) ಇದ್ದವರಿಗೆ ಎರಡೂ ಬೇಡ. ಮದರ್‌ಬೋರ್ಡಿಗೆ ಸಿಕ್ಕಿಸಿ ಬಯಾಸಿನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಷ್ಟು ತಾಪಕ್ಕೆ ಎಷ್ಟು ವೇಗ ಎಂಬ ಗೆರೆ ಹೊಂದಿಸಿದರೆ ಬಿಸಿಯಾದಾಗ ತಾನೇ ಏರಿ, ತಣ್ಣಗಾದಾಗ ಇಳಿಯುತ್ತದೆ.