ಆಕಾರ, ಖರಜ, ನೀರೊಳಗಿನ ಕೊಳವೆ: ಒಂದೇ ಗಂಟಲಿಗೆ ಮೂರು ಸಾಧನೆಗಳು

ದಿನಕ್ಕೆ ಐದು ಪೀರಿಯಡ್ ಪಾಠ ಹೇಳುವ ಹೈಸ್ಕೂಲು ಮೇಷ್ಟರಿಗೆ ಸಂಜೆಯ ಹೊತ್ತಿಗೆ ಎಷ್ಟು ಶಾರೀರ ಉಳಿದಿರುತ್ತದೆ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಬಾಲ್ಯದಲ್ಲಿ ಮೈಸೂರಿನಲ್ಲಿ ವರ್ಣದವರೆಗೆ ಕರ್ನಾಟಕ ಸಂಗೀತ ಕಲಿತು, ಓದು ನೌಕರಿಗಳ ನಡುವೆ ಇಪ್ಪತ್ತು ವರ್ಷ ಅದನ್ನು ಬಿಟ್ಟು, ಧಾರವಾಡಕ್ಕೆ ವರ್ಗವಾದ ಮೇಲೆ 41ನೆಯ ವಯಸ್ಸಿನಲ್ಲಿ ಮತ್ತೆ ಶ್ರುತಿ ಹಾಕಿಕೊಂಡು ಕುಳಿತಾಗ, ನನ್ನ ಒಂದೂವರೆ ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಸಿ ಶಾರ್ಪ್) ತಾರ ಷಡ್ಜ, ಅಂದರೆ ಮೇಲಿನ ಸ್ಥಾಯಿಯ ‘ಸ’, ಒಡೆಯುತ್ತಿತ್ತು. ಮಂದ್ರ ಪಂಚಮದಲ್ಲಿ, ಅಂದರೆ ಕೆಳಗಿನ ಸ್ಥಾಯಿಯ ‘ಪ’ದಲ್ಲಿ, ನಾದಕ್ಕಿಂತ ಗಾಳಿಯೇ ಹೆಚ್ಚಿತ್ತು. ಅರ್ಧ ಗಂಟೆ ಹಾಡಿದರೆ ಮರುದಿನದ ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕೂಗುವುದೂ ಕಷ್ಟವಾಗುತ್ತಿತ್ತು. ಸರಿಪಡಿಸಿಕೊಳ್ಳುವ ದಾರಿ ಕೇಳಿದಾಗ ಮೂವರು ಮೂರು ದಾರಿ ಹೇಳಿದರು. ಮೂರನ್ನೂ ಒಂದಾದ ಮೇಲೊಂದರಂತೆ ಹತ್ತು ಹತ್ತು ವಾರ, ದಿನಕ್ಕೆ ಮುಕ್ಕಾಲು ಗಂಟೆಗೆ ಮೀರದಂತೆ ಮಾಡಿ ನೋಡಿದೆ. ಮೊದಲು ಮಾಡಿದ್ದರ ಫಲ ನಂತರದ್ದಕ್ಕೂ ಸ್ವಲ್ಪ ಸಂದಿರುತ್ತದೆ, ಆದ್ದರಿಂದ ಈ ಹೋಲಿಕೆಯಲ್ಲಿ ಕೊನೆಯದಕ್ಕೆ ಕೊಂಚ ಅನುಕೂಲವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದೇ ಕೋಣೆಯಲ್ಲಿ ಮೂರು ಪರೀಕ್ಷೆಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ಮಧ್ಯ ಷಡ್ಜದಲ್ಲಿ ಒಂದೇ ಉಸಿರಿಗೆ ಆಕಾರ, ಅಂದರೆ ‘ಆ’ ಎಂದು ಎಳೆಯುವ ನಾದ, ಎಷ್ಟು ಸೆಕೆಂಡು ನಿಲ್ಲುತ್ತದೆ ಎಂಬುದು ಮೊದಲನೆಯದು. ತಾರ ಷಡ್ಜವನ್ನು ಮಗುವಿಗೆ ಜೋಗುಳ ಹಾಡುವಷ್ಟು ಮೆತ್ತಗೆ ಹಿಡಿದರೆ ಮೊದಲ ಪ್ರಯತ್ನದಲ್ಲೇ ಮೂಡುತ್ತದೆಯೇ ಎಂಬುದು ಎರಡನೆಯದು. ಧ್ವನಿತಂತುಗಳು ಸ್ವಲ್ಪ ಊದಿಕೊಂಡಿದ್ದರೂ ಜೋರು ಧ್ವನಿ ಅದನ್ನು ಮುಚ್ಚಿಡಬಲ್ಲದು, ಎತ್ತರದ ಮೆಲುಧ್ವನಿ ಮಾತ್ರ ಮುಚ್ಚಿಡಲಾರದು. ಮೂರನೆಯದು ‘ಸ್’ ಎಂದು ಬರೀ ಗಾಳಿಯನ್ನೂ ಆಮೇಲೆ ‘ಝ್’ ಎಂದು ನಾದ ಸೇರಿಸಿಯೂ ಎಳೆದು, ಎರಡರ ಕಾಲವನ್ನು ಹೋಲಿಸುವುದು. ಆರೋಗ್ಯವಂತ ಗಂಟಲಿನಲ್ಲಿ ಎರಡೂ ಹೆಚ್ಚು ಕಡಿಮೆ ಸಮನಾಗಿರುತ್ತವೆ. ‘ಝ್’ ತೀರ ಬೇಗ ಮುಗಿದರೆ ತಂತುಗಳು ಸರಿಯಾಗಿ ಕೂಡುತ್ತಿಲ್ಲ ಎಂದರ್ಥ. ಪ್ರಾರಂಭದಲ್ಲಿ ನನ್ನ ಆಕಾರ 13 ಸೆಕೆಂಡು ನಿಲ್ಲುತ್ತಿತ್ತು, ‘ಸ್’ 19, ‘ಝ್’ 14.

ತಂತು ಎಂಬ ಹೆಸರು ವೀಣೆಯ ತಂತಿಯನ್ನು ನೆನಪಿಸಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಧ್ವನಿಪೆಟ್ಟಿಗೆಯೊಳಗೆ ಇರುವುದು ತಂತಿಗಳಲ್ಲ, ವಯಸ್ಕ ಗಂಡಸರಲ್ಲಿ ಸುಮಾರು 17ರಿಂದ 25 ಮಿಲಿಮೀಟರ್ ಉದ್ದದ, ಒಳಗೆ ಸ್ನಾಯು ಮೇಲೆ ತೇವದ ಮೆದು ಪದರಗಳಿರುವ ಎರಡು ಮಡಿಕೆಗಳು. ಉಸಿರು ಕೆಳಗಿನಿಂದ ಒತ್ತಿದಾಗ ಅವು ತೆರೆದುಕೊಳ್ಳುತ್ತವೆ, ತಮ್ಮದೇ ಬಿಗುವಿನಿಂದಲೂ ನಡುವೆ ಹರಿಯುವ ಗಾಳಿಯ ಸೆಳೆತದಿಂದಲೂ ಮತ್ತೆ ಮುಚ್ಚಿಕೊಳ್ಳುತ್ತವೆ. ಒಂದೂವರೆ ಮನೆಯ ಮಧ್ಯ ಷಡ್ಜದಲ್ಲಿ ಇದು ಸೆಕೆಂಡಿಗೆ ಸುಮಾರು 139 ಬಾರಿ ನಡೆಯುತ್ತದೆ. ತಾರ ಷಡ್ಜದಲ್ಲಿ 277 ಬಾರಿ, ಮಂದ್ರ ಪಂಚಮದಲ್ಲಿ 104 ಬಾರಿ. ಮಡಿಕೆಯೊಳಗಿನ ಸ್ನಾಯು ಅದನ್ನು ಗಿಡ್ಡವೂ ದಪ್ಪವೂ ಮಾಡಿದರೆ, ಹೊರಗಿನ ಇನ್ನೊಂದು ಸ್ನಾಯು ಎಳೆದು ತೆಳುವಾಗಿಸುತ್ತದೆ. ಕೆಳಗಿನ ಸ್ವರಗಳಲ್ಲಿ ಮೊದಲನೆಯದರ ಆಳ್ವಿಕೆ, ಮೇಲಿನವುಗಳಲ್ಲಿ ಎರಡನೆಯದರದ್ದು. ನನ್ನಂಥ ಗಂಡಸಿನ ಗಂಟಲಿನಲ್ಲಿ ಈ ಅಧಿಕಾರ ಹಸ್ತಾಂತರವಾಗುವುದು ಹೆಚ್ಚು ಕಡಿಮೆ ತಾರ ಷಡ್ಜದಿಂದ ತಾರ ಗಾಂಧಾರದವರೆಗಿನ ಜಾಗದಲ್ಲಿ. ಕೆಳಗಿನ ದಪ್ಪವನ್ನೇ ಬಲವಂತವಾಗಿ ಅಲ್ಲಿಗೆ ಹೊತ್ತೊಯ್ದರೆ ಧ್ವನಿ ಒಡೆಯುತ್ತದೆ, ಹೆದರಿ ಮೊದಲೇ ಕೈಬಿಟ್ಟರೆ ತೆಳ್ಳನೆಯ ಕೃತಕ ಕಳ್ಳಧ್ವನಿಯಾಗುತ್ತದೆ. ಐದು ಮನೆಯಲ್ಲಿ ಹಾಡುವ ಹೆಂಗಸರಿಗೆ ಈ ಸಂಧಿ ಸುಮಾರಾಗಿ ಮಧ್ಯ ಸ್ಥಾಯಿಯ ಧೈವತ ನಿಷಾದಗಳ ಬಳಿಯೇ ಎದುರಾಗುವುದರಿಂದ ನನ್ನ ಅನುಭವ ಅವರಿಗೆ ಇದ್ದಹಾಗೆಯೇ ಅನ್ವಯಿಸಲಾರದು. ಅಂದಹಾಗೆ, ಹಾಡುತ್ತಿರುವ ಗಂಟಲಿನೊಳಗೆ ಕನ್ನಡಿಯಿಟ್ಟು ಈ ಮಡಿಕೆಗಳ ಆಟವನ್ನು 1854ರಲ್ಲಿ ಕಂಡು ಮರುವರ್ಷ ಲೋಕಕ್ಕೆ ತಿಳಿಸಿದ ಮ್ಯಾನುಯೆಲ್ ಗಾರ್ಸಿಯಾ ವೈದ್ಯರಲ್ಲ, ಸಂಗೀತದ ಮೇಷ್ಟರು. ಅವರು ನೋಡಿಕೊಂಡದ್ದು ತಮ್ಮದೇ ಗಂಟಲನ್ನು.

ಮೊದಲ ಹತ್ತು ವಾರ ನನಗೆ ಹುಟ್ಟುಗುಣವಾಗಿದ್ದ ದಾರಿಯನ್ನೇ ಹಿಡಿದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆಗಳನ್ನು, ಅಂದರೆ ಆರಂಭದ ಸ್ವರಪಾಠಗಳನ್ನು, ಮಾಯಾಮಾಳವಗೌಳ ರಾಗದಲ್ಲಿ ಮೂರು ಕಾಲದಲ್ಲಿ (ವೇಗದಲ್ಲಿ), ಸ್ವರಾಕ್ಷರಗಳಿಂದ ಒಮ್ಮೆ ಮತ್ತು ಆಕಾರದಲ್ಲಿ ಒಮ್ಮೆ. ಸ್ವರಾಕ್ಷರ ಮತ್ತು ಆಕಾರಗಳ ನಡುವಿನ ಅಂತರ ಬಾಲ್ಯದಲ್ಲಿ ನನಗೆ ತಿಳಿದಿರಲಿಲ್ಲ. ‘ಪ’, ‘ದ’, ‘ಗ’ ಎನ್ನುವಾಗ ವ್ಯಂಜನ ಒಂದು ಪರದೆಯಂತೆ ಇಳಿಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗಿನ ಎಡವಟ್ಟು ಅದರ ಹಿಂದೆ ಮರೆಯಾಗುತ್ತದೆ. ಆಕಾರದಲ್ಲಿ ಆ ಪರದೆಯಿಲ್ಲ. ಮೊದಲ ವಾರದ ಧ್ವನಿಮುದ್ರಣದಲ್ಲಿ ಮೂರನೆಯ ಕಾಲದ ನನ್ನ ಆಕಾರ ‘ಆಹಾಹಾಹಾ’ ಎಂದು ಕೇಳುತ್ತಿತ್ತು. ಪ್ರತಿ ಸ್ವರಕ್ಕೂ ತಂತುಗಳನ್ನು ಬಿಡಿಸಿ ಗಾಳಿ ತಳ್ಳಿ ಮತ್ತೆ ಕೂಡಿಸುತ್ತಿದ್ದೆ, ಸ್ವರಸ್ಥಾನ ಬದಲಿಸುವುದಕ್ಕೆ ನನಗೆ ಗೊತ್ತಿದ್ದ ಉಪಾಯ ಅದೊಂದೇ.

ಎಂಟನೆಯ ವಾರಕ್ಕೆ ಆ ಹಕಾರಗಳು ಎರಡನೆಯ ಕಾಲದಲ್ಲಿ ಪೂರ್ತಿ ಹೋದವು, ಮೂರನೆಯದರಲ್ಲಿ ಅರ್ಧ ಉಳಿದವು. ಶ್ರುತಿಶುದ್ಧಿಯೂ ಕಂಡುಬಂತು, ಮಾಯಾಮಾಳವಗೌಳದ ರಿಷಭ ತನ್ನ ಜಾಗಕ್ಕೆ ಇಳಿಯಿತು. ಆದರೆ ಗಂಟಲಿನ ಲೆಕ್ಕದಲ್ಲಿ ಲಾಭ ಕಡಿಮೆ: ಆಕಾರ 13ರಿಂದ 15 ಸೆಕೆಂಡಿಗೆ ಬಂತು, ತಾರ ಷಡ್ಜದ ಮೆಲುಧ್ವನಿ ಹತ್ತು ಭಾನುವಾರಗಳಲ್ಲಿ ಎರಡೇ ಬಾರಿ ಮೊದಲ ಪ್ರಯತ್ನಕ್ಕೆ ಸಿಕ್ಕಿತು, ಸೋಮವಾರದ ಹಾಜರಿ ಅಷ್ಟೇ ಒರಟಾಗಿತ್ತು. ಕಾರಣ ನನಗೆ ಆಗ ಹೊಳೆಯಲಿಲ್ಲ. ‘ಬಾಯಿ ಬಿಟ್ಟು ಹಾಡೋ, ಪಕ್ಕದ ಬೀದಿಗೆ ಕೇಳಿಸಬೇಕು’ ಎಂಬ ಬಾಲ್ಯದ ಪಾಠವನ್ನು ನಾನು ಸಾಧನೆಯ ಭಾಗವೆಂದೇ ನಂಬಿದ್ದೆ.

ಎರಡನೆಯದು ಧಾರವಾಡದ್ದು. ಖರಜ ಸಾಧನೆ ಎಂದರೆ ನಸುಕಿನಲ್ಲಿ ತಂಬೂರಿಯೊಂದಿಗೆ ಕುಳಿತು ಮಧ್ಯ ಷಡ್ಜದಿಂದ ಒಂದೊಂದೇ ಸ್ವರ ಕೆಳಗಿಳಿಯುತ್ತ, ಪ್ರತಿಯೊಂದನ್ನೂ ಒಂದು ಪೂರ್ತಿ ಉಸಿರಿನಷ್ಟು ನಿಲ್ಲಿಸುವುದು. ಈ ಸೀಮೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಶಿಷ್ಯಪರಂಪರೆಯ ಘನವಾದ ಧ್ವನಿಗಳನ್ನು ಕೇಳಿದವರಿಗೆ ಆ ಘನತೆ ಖರಜದಿಂದಲೇ ಬಂತೆಂದು ಅನ್ನಿಸುವುದು ಸಹಜ, ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಧ್ವನಿ ಗಡಸಾದದ್ದು ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ. ಒದಗಿಬಂದ ಆ ಧ್ವನಿಯಲ್ಲಿ ಅವರು ಕಟ್ಟಿದ್ದು ಸಂಗೀತವನ್ನು. ಅದನ್ನು ಮರೆತು ನಾನು ಗದ್ದವನ್ನು ಎದೆಗೆ ಒತ್ತಿ, ಧ್ವನಿಪೆಟ್ಟಿಗೆಯನ್ನು ಕೆಳಗೆ ನೂಕಿ, ಮಂದ್ರ ಮಧ್ಯಮದಲ್ಲಿ ಗರಗರ ಎನ್ನಿಸುತ್ತಿದ್ದೆ. ಮೂರು ವಾರ ಸುಮ್ಮನೆ ಕೇಳಿದ ಗುರುಗಳು ಒಂದು ದಿನ ತಂಬೂರಿ ನಿಲ್ಲಿಸಿ, ‘ಮಾಸ್ತರ, ಸ್ವರಾ ಹಚ್ಚ್ರಿ, ಒದರಬ್ಯಾಡ್ರಿ. ಮುಂದ ಕೂತ ತಂಬೂರಿ ನಿಮಗ ಕೇಳಸಬೇಕು’ ಎಂದರು. ತಂಬೂರಿಯನ್ನು ಮುಚ್ಚದಷ್ಟು ಸಣ್ಣ ಧ್ವನಿಯಲ್ಲಿ ಹಾಡುವುದೆಂದರೆ ನನಗೆ ಆ ವಯಸ್ಸಿನಲ್ಲಿ ಹೊಸ ಸಂಗತಿ.

ಅಲ್ಲಿಂದಾಚೆಗೆ ಕೆಳಗಿನ ಸ್ವರಗಳಿಗೆ ನಿಜವಾದ ಇಳಿತ ಶುರುವಾಯಿತು. ಆರನೆಯ ವಾರಕ್ಕೆ ಮಂದ್ರ ಪಂಚಮ ಗಾಳಿ ಬಿಟ್ಟು ನಾದವಾಯಿತು, ಒಂಬತ್ತನೆಯದಕ್ಕೆ ಮಂದ್ರ ಮಧ್ಯಮ ಸಿಕ್ಕಿತು, ಆಕಾರ 19 ಸೆಕೆಂಡಿಗೆ ಏರಿತು. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ನಸುಕಿನಲ್ಲಿ ಸಿಗುವ ಆಳ ಎಲ್ಲವೂ ಸಾಧನೆಯ ಗಳಿಕೆಯಲ್ಲ. ರಾತ್ರಿಯಿಡೀ ಮಲಗಿದ್ದಾಗ ತಂತುಗಳಲ್ಲಿ ಸ್ವಲ್ಪ ನೀರು ತುಂಬಿ ಅವು ಭಾರವಾಗಿರುತ್ತವೆ, ಭಾರವಾದದ್ದು ನಿಧಾನ ಕಂಪಿಸುತ್ತದೆ. ಐದೂವರೆಗೆ ಸಲೀಸಾಗಿ ಮುಟ್ಟುತ್ತಿದ್ದ ಮಧ್ಯಮ ಹತ್ತು ಗಂಟೆಯ ಪರೀಕ್ಷೆಯಲ್ಲಿ ಕಾಣೆಯಾಗಿರುತ್ತಿತ್ತು. ಮಂದ್ರವು ಹೃದಯದಲ್ಲಿ, ಮಧ್ಯವು ಕಂಠದಲ್ಲಿ, ತಾರವು ಶಿರಸ್ಸಿನಲ್ಲಿ ನೆಲೆಸಿದೆ ಎಂದು 13ನೆಯ ಶತಮಾನದಲ್ಲಿ ಸಂಗೀತಶಾಸ್ತ್ರಕಾರ ಶಾರ್ಙ್ಗದೇವ ಹೇಳಿದ್ದು ಈ ವಾರಗಳಲ್ಲಿ ಕೈಗೇ ಸಿಕ್ಕಿತು. ಎಲ್ಲ ಸ್ವರವೂ ಹುಟ್ಟುವುದು ಗಂಟಲಿನಲ್ಲೇ ಆದರೂ ಮಂದ್ರ ಪಂಚಮದಲ್ಲಿ ಅಂಗೈಯನ್ನು ಎದೆಯ ಮೂಳೆಯ ಮೇಲಿಟ್ಟರೆ ನಡುಕ ಸ್ಪಷ್ಟವಾಗಿ ತಿಳಿಯುತ್ತದೆ, ಮಧ್ಯ ಪಂಚಮಕ್ಕೆ ಬರುವಷ್ಟರಲ್ಲಿ ಅದು ಬಹಳ ಕ್ಷೀಣಿಸುತ್ತದೆ. ತಾರದ ಮಟ್ಟಿಗೆ ಖರಜ ನನಗೆ ಹೆಚ್ಚೇನೂ ಕೊಡಲಿಲ್ಲ: ದಪ್ಪ ತಂತುವಿನ ಅಭ್ಯಾಸ ತೆಳು ತಂತುವಿನ ಸ್ವರಕ್ಕೆ ತಾನಾಗಿ ದಾಟುವುದಿಲ್ಲ.

ಮೂರನೆಯದನ್ನು ಹೇಳಿದವರು ಮಾತಿನ ಚಿಕಿತ್ಸಕರು. ಬಾಟಲಿಯಲ್ಲಿ ನೀರು ತುಂಬಿ, ಕೊಳವೆಯ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಮುಳುಗಿಸಿ, ಇನ್ನೊಂದು ತುದಿಯನ್ನು ತುಟಿಗಳಲ್ಲಿ ಹಿಡಿದು ‘ಊ’ ಎಂದು ಹಾಡುತ್ತ ಗುಳ್ಳೆ ಎಬ್ಬಿಸುವುದು. ಮೊದಲ ದಿನ ಮಗಳು ನಡುಮನೆಯಿಂದ ಕೂಗಿ, ‘ಅಪ್ಪಾ, ಒಲೆ ಮೇಲೆ ಏನೋ ಉಕ್ತಾ ಇದೆ’ ಎಂದಳು. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ಎಳನೀರಿನವರು ಕೊಡುವ ಕಾಗದದ ಸ್ಟ್ರಾ ಹತ್ತು ನಿಮಿಷಕ್ಕೇ ತುಟಿಯಲ್ಲಿ ಮುದ್ದೆಯಾಗುತ್ತದೆ. ಪರಂಗಿ ಎಲೆಯ ಟೊಳ್ಳು ದಂಟನ್ನೂ ಪ್ರಯತ್ನಿಸಿದೆ, ಅದರ ಹಾಲಿಗೆ ತುಟಿ ಉರಿಯಿತು. ಕೊನೆಗೆ ಸ್ಟೀಲಿನ ಕೊಳವೆ ನಿಂತಿತು.

ಇದರ ಕೆಲಸ ಹೀಗೆ: ಬಾಯಿಯ ದಾರಿ ಕಿರಿದಾದಾಗ ಗಾಳಿ ಹಿಂದಕ್ಕೆ ಒತ್ತುತ್ತದೆ, ಆ ಹಿಮ್ಮುಖ ಒತ್ತಡ ತಂತುಗಳನ್ನು ಕೂದಲೆಳೆಯಷ್ಟು ದೂರವಿರಿಸಿ ಅವು ಒಂದಕ್ಕೊಂದು ಬಡಿದುಕೊಳ್ಳುವ ರಭಸವನ್ನು ತಗ್ಗಿಸುತ್ತದೆ. ಸಾಧಾರಣ ಮಾತಿಗೆ ಬೇಕಾದ ಉಸಿರಿನ ಒತ್ತಡ ಸುಮಾರು 5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಆದ್ದರಿಂದ ಬಾಟಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದರೆ ಅದೇ ಮಾಪಕವಾಗುತ್ತದೆ. ಎರಡು ಸೆಂಟಿಮೀಟರಿನ ಗೆರೆಯಲ್ಲಿ ಗುಳ್ಳೆಗಳು ಸಮನಾಗಿ, ಒಂದೇ ಲಯದಲ್ಲಿ ಬರುತ್ತಿದ್ದರೆ ಉಸಿರು ಸಮನಾಗಿದೆ. ತಾರ ಷಡ್ಜ ಹತ್ತಿರವಾದಂತೆ ನನ್ನ ಬಾಟಲಿಯಲ್ಲಿ ಗುಳ್ಳೆಗಳು ಒಮ್ಮೆಲೇ ನುಗ್ಗಿ ನೀರು ಮೂಗಿಗೆ ಸಿಡಿಯುತ್ತಿತ್ತು. ಇಪ್ಪತ್ತು ವಾರ ಕಿವಿಗೆ ತಿಳಿಯದ ದೋಷ ಹೀಗೆ ಕಣ್ಣಿಗೆ ಕಂಡಿತು. ಎತ್ತರದ ಸ್ವರವೆಂದರೆ ಹೆಚ್ಚು ಉಸಿರು ಎಂಬ ತಪ್ಪು ಲೆಕ್ಕದಲ್ಲಿ ನಾನು ತಳ್ಳುತ್ತಿದ್ದೆ. ತಳ್ಳದೆ ಮೇಲೇರಲು ಕಲಿಯಲು ನಾಲ್ಕು ವಾರ ಹಿಡಿಯಿತು. ಕಲಿತ ಮೇಲೆ ತಾರ ಷಡ್ಜದ ಮೆಲುಧ್ವನಿ ಉಳಿದ ಆರು ಭಾನುವಾರಗಳಲ್ಲಿ ಐದು ಬಾರಿ ಮೊದಲ ಪ್ರಯತ್ನಕ್ಕೇ ಬಂತು, ಆಕಾರ 22 ಸೆಕೆಂಡಾಯಿತು, ‘ಸ್’ ಮತ್ತು ‘ಝ್’ ನಡುವಿನ ಅಂತರ ಒಂದೇ ಸೆಕೆಂಡಿಗೆ ಇಳಿಯಿತು. ಸೋಮವಾರದ ಹಾಜರಿ ಮೊದಲ ಬಾರಿಗೆ ಸಲೀಸಾಯಿತು.

ಆದರೂ ಇದನ್ನು ಸಂಗೀತ ಸಾಧನೆಯೆಂದು ಕರೆಯಲು ನನಗೆ ಮನಸ್ಸಿಲ್ಲ. ಗುಳ್ಳೆಯ ಸದ್ದಿನಲ್ಲಿ ಶ್ರುತಿ ಸರಿಯಾಗಿ ಕೇಳಿಸುವುದಿಲ್ಲ, ಗಮಕ ಹಾಕಲಾಗುವುದಿಲ್ಲ. ಆ ಹತ್ತು ವಾರಗಳ ಕೊನೆಗೆ ಸರಳೆ ವರಸೆ ಹಾಡಿದಾಗ ಮೊದಲ ಸಾಧನೆಯಲ್ಲಿ ನೆಟ್ಟಗಾಗಿದ್ದ ರಿಷಭ ಮತ್ತೆ ಜಾರಿತ್ತು. ಖರಜದಲ್ಲಿ ಗಳಿಸಿದ ಮಂದ್ರ ಮಧ್ಯಮವೂ ಅರ್ಧ ಹೋಗಿತ್ತು.

ಮೂರರ ಧ್ವನಿಮುದ್ರಣಗಳನ್ನೂ ಒಟ್ಟಿಗೆ ಕೇಳಿದಾಗ ನನಗೆ ಹೊಳೆದದ್ದು ಬೇರೆಯೇ. ಖರಜದಲ್ಲಿ ಫಲ ಸಿಕ್ಕಿದ್ದು ಗುರುಗಳು ಧ್ವನಿ ತಗ್ಗಿಸಿದ ದಿನದಿಂದ. ಕೊಳವೆಯಲ್ಲಿ ಫಲ ಸಿಕ್ಕಿದ್ದು ಅದು ಜೋರಾಗಿ ಹಾಡಲು ಬಿಡುವುದೇ ಇಲ್ಲ ಎಂಬುದರಿಂದ. ಆಕಾರದ ಸಾಧನೆಯನ್ನು ನಾನು ಮಾಡಿದ್ದು ಮಾತ್ರ ಪಕ್ಕದ ಬೀದಿಗೆ ಕೇಳಿಸುವಂತೆ. ಹಾಗಾದರೆ ನಾನು ಹೋಲಿಸಿದ್ದು ಮೂರು ಪದ್ಧತಿಗಳನ್ನೋ, ಎರಡು ಪ್ರಮಾಣದ ಸದ್ದನ್ನೋ? ಅನುಮಾನ ತೀರಿಸಿಕೊಳ್ಳಲು ಇನ್ನೂ ಐದು ವಾರ ಅದೇ ಸರಳೆ ವರಸೆಗಳನ್ನು ಮೊಬೈಲಿನ ತಂಬೂರಿಗಿಂತ ಮೆತ್ತಗೆ, ಮೂರನೆಯ ಕಾಲವನ್ನೂ ಅಷ್ಟೇ ಮೆತ್ತಗೆ ಹಾಡಿದೆ. ಕೊಳವೆಯನ್ನು ಮುಟ್ಟಲಿಲ್ಲ. ಉಳಿದ ಹಕಾರಗಳು ಹೋದವು, ರಿಷಭ ಮರಳಿತು, ತಾರ ಷಡ್ಜ ಐದರಲ್ಲಿ ನಾಲ್ಕು ಭಾನುವಾರ ಸಿಕ್ಕಿತು. ‘ನಿ’ ಎನ್ನುವಾಗ ಬಾಯಿ ಕಿರಿದಾಗುವುದರಿಂದ ಅಲ್ಲಿಂದ ಷಡ್ಜಕ್ಕೆ ಏರುವುದು ಸುಲಭವೆಂದೂ, ಆಕಾರಕ್ಕೆ ಬಾಯಿ ತೆರೆದೊಡನೆ ತಳ್ಳುವ ಹಳೆಯ ಚಾಳಿ ಮರಳುತ್ತದೆಂದೂ ಗಮನಿಸಿದ್ದು ಆಗಲೇ.

ಗಂಟಲು ಈಗಾಗಲೇ ದಣಿದಿರುವವರಿಗೆ ಕೊಳವೆಯಷ್ಟು ಬೇಗ ಒದಗುವುದು ಇನ್ನೊಂದಿಲ್ಲ, ಖರ್ಚೂ ಇಲ್ಲ. ಒರಟುತನ ಮೂರು ವಾರ ದಾಟಿದರೆ ಮಾತ್ರ ಮೊದಲು ಕಿವಿ ಮೂಗು ಗಂಟಲಿನ ವೈದ್ಯರು ತಂತುಗಳನ್ನು ನೋಡಬೇಕು. ಗಂಟಿದ್ದರೆ ಗುಳ್ಳೆ ಎಬ್ಬಿಸಿ ಕಾಲ ಕಳೆಯುವುದು ತಪ್ಪು. ಖರಜವನ್ನು ಗುರುಮುಖವಿಲ್ಲದೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ನಾನು ಒಬ್ಬನೇ ಮಾಡಿದ್ದರೆ ಆ ಗರಗರವನ್ನೇ ಸಿದ್ಧಿಯೆಂದು ಹತ್ತು ವಾರ ಎಣಿಸುತ್ತಿದ್ದೆ. ಈಗ ನನ್ನ ದಿನ ಐದು ನಿಮಿಷದ ಗುಳ್ಳೆ, ಹದಿನೈದು ನಿಮಿಷದ ಖರಜ, ಇಪ್ಪತ್ತೈದು ನಿಮಿಷದ ಆಕಾರ. ತಾರ ಗಾಂಧಾರ ಇನ್ನೂ ಸಿಕ್ಕಿಲ್ಲ. ಕಳೆದ ಭಾನುವಾರ ಅದರ ಹತ್ತಿರ ಹೋದಾಗ ಮತ್ತೆ ನೀರು ಮೂಗಿಗೆ ಸಿಡಿಯಿತು.