ಆಲಮಟ್ಟಿ ನೀರಿನ ಲೆಕ್ಕ: ವೆಬ್ ಟೇಬಲ್ಲನ್ನು ಶೀಟಿಗೆ ತರಲು ಯಾವ ದಾರಿ ಒಳ್ಳೆಯದು?

ಜಮಖಂಡಿ ತಾಲೂಕಿನಲ್ಲಿ ಕೃಷ್ಣಾ ದಂಡೆಗೆ ನಮ್ಮ ಮಾವನ ಕಬ್ಬಿನ ಹೊಲ ಇದೆ. ಮಳೆಗಾಲ ಶುರುವಾದರೆ ದಿನಾ ಬೆಳಿಗ್ಗೆ ಬಾಗಲಕೋಟೆಯ ನಮ್ಮ ಮನೆಗೆ ಫೋನ್ ಬರುತ್ತದೆ. "ಏನಪಾ, ಡ್ಯಾಮಿನ್ಯಾಗ ಇವತ್ತ ನೀರ ಎಷ್ಟ ಐತಿ? ಹ್ವಾದ ವರ್ಷ ಈ ಹೊತ್ತಿಗೆ ಎಷ್ಟಿತ್ತು?"

ಆಲಮಟ್ಟಿ ತುಂಬಿದಾಗ ಮಟ್ಟ 519.60 ಮೀಟರ್, ನೀರು ಸುಮಾರು 123 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಮಟ್ಟ ಅದರ ಹತ್ತಿರ ಬಂದು ಮೇಲಿನಿಂದ ಒಳಹರಿವೂ ಜಾಸ್ತಿಯಾದರೆ, ಮಾವ ದಂಡೆಯ ಮೋಟರ್ ಎತ್ತಿ ಮೇಲಿಡಬೇಕು. ಹಾಗಾಗಿ ದಿನಾಂಕ, ಮಟ್ಟ, ಟಿಎಂಸಿ, ಒಳಹರಿವು, ಹೊರಹರಿವು ಎಲ್ಲಾ ಇರುವ ಟೇಬಲ್ಲನ್ನು ವೆಬ್‌ನಿಂದ ಶೀಟಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ದಾರಿ ನೋಡಿದೆ.

ಮೊದಲನೆಯದು ಎಲ್ಲರೂ ಮಾಡುವುದೇ. ಟೇಬಲ್ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಎಕ್ಸೆಲ್‌ನಲ್ಲಿ ಪೇಸ್ಟ್. ಕಾಲಮ್‌ಗಳು ಚೆನ್ನಾಗೇ ಕೂತವು. ಆದರೆ ನನ್ನ ಲ್ಯಾಪ್‌ಟಾಪಿನ ರೀಜನ್ ಅಮೆರಿಕ ಅಂತ ಇತ್ತು, ನಾನು ನೋಡಿರಲಿಲ್ಲ. 08/07 ಅಂದರೆ ನಮಗೆ ಜುಲೈ 8. ಅಲ್ಲಿ ತಿಂಗಳು ಮೊದಲು, ಹಾಗಾಗಿ ಅದು ಆಗಸ್ಟ್ 7 ಆಯಿತು. 13/07 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯಿತು. ಗ್ರಾಫ್ ಹಾಕಿದರೆ ಗೆರೆ ಎತ್ತೆತ್ತಲೋ ಹೋಯಿತು. ಆ ಗ್ರಾಫ್ ನೋಡಿ ಮಾವನಿಗೆ ಒಂದು ದಿನ ತಪ್ಪು ಲೆಕ್ಕ ಹೇಳಿದ್ದೆ. ಅದು ನನಗೆ ಇವತ್ತಿಗೂ ಬೇಜಾರು.

ಇದನ್ನು ಕಂಡುಹಿಡಿಯುವುದು ಸುಲಭ. ಕಾಲಮಿನ ಅಗಲ ಸ್ವಲ್ಪ ಹೆಚ್ಚಿಸಿ ನೋಡಿ. ನಿಜವಾದ ದಿನಾಂಕ, ಸಂಖ್ಯೆಗಳು ಬಲಕ್ಕೆ ಅಂಟಿಕೊಂಡಿರುತ್ತವೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ನನ್ನ ಶೀಟಿನಲ್ಲಿ ಒಂದರಿಂದ ಹನ್ನೆರಡನೇ ತಾರೀಖಿನವರೆಗೆ ಬಲಕ್ಕೆ, ಹದಿಮೂರರಿಂದ ಎಡಕ್ಕೆ ಇದ್ದವು. ಒಳಹರಿವಿನ ಕಾಲಮ್ಮೂ ಎಡಕ್ಕೇ ಇತ್ತು, ಸಮ್ ಹಾಕಿದರೆ ಸೊನ್ನೆ. ಸಂಖ್ಯೆಯ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ವೆಬ್ ಪುಟದಿಂದಲೇ ಅಂಟಿಕೊಂಡು ಬಂದಿತ್ತು. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಹಾಕಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಮಾಮೂಲಿ ಸ್ಪೇಸ್ ಅಲ್ಲ, 160ನೇ ಕ್ಯಾರೆಕ್ಟರ್. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಕ್ಯಾರ್ 160 ಕೊಟ್ಟು ಅದನ್ನು ತೆಗೆದು, ಉಳಿದದ್ದನ್ನು ವ್ಯಾಲ್ಯೂ ಫಾರ್ಮುಲಾದಿಂದ ಸಂಖ್ಯೆ ಮಾಡಬೇಕು.

ಎರಡನೆಯದು ಗೂಗಲ್ ಶೀಟ್ಸ್‌ನ ಇಂಪೋರ್ಟ್ ಎಚ್‌ಟಿಎಂಎಲ್ ಫಾರ್ಮುಲಾ, ವೆಬ್ ಪುಟದ ಟೇಬಲ್ಲನ್ನು ತಾನೇ ತರುತ್ತದೆ. ವಿಳಾಸ, ಟೇಬಲ್ ಅನ್ನುವ ಪದ, ಎಷ್ಟನೇ ಟೇಬಲ್ ಅನ್ನುವ ಸಂಖ್ಯೆ, ಇಷ್ಟು ಕೊಟ್ಟರೆ ಸಾಕು. ಶೀಟ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಅನ್ನುವುದನ್ನು, ಇಂಡಿಯಾ ಮಾಡಿಕೊಳ್ಳಿ. ಲಿಂಕ್ ಕಳಿಸಿದರೆ ಮಾವ ಫೋನಿನಲ್ಲೇ ನೋಡಬಹುದು, ಅದು ದೊಡ್ಡ ಅನುಕೂಲ. ಆದರೆ ಲಾಗಿನ್ ಕೇಳುವ ಪುಟದಿಂದ, ಅಥವಾ ಪುಟ ತೆರೆದ ಮೇಲೆ ಸ್ಕ್ರಿಪ್ಟ್‌ನಿಂದ ಮೂಡುವ ಟೇಬಲ್‌ನಿಂದ ಏನೂ ಬರುವುದಿಲ್ಲ.

ಮೂರನೆಯದು ಎಕ್ಸೆಲ್‌ನ ಪವರ್ ಕ್ವೆರಿ, ಹೊರಗಿನ ಡೇಟಾ ತಂದು ಸರಿಮಾಡುವ ಸಲಕರಣೆ. 2016ರಿಂದ ಎಕ್ಸೆಲ್ ಒಳಗೇ ಇದೆ. ಡೇಟಾ ಮೆನುವಿನಲ್ಲಿ ಫ್ರಮ್ ವೆಬ್ ಒತ್ತಿ, ಟೇಬಲ್ ಆರಿಸಿ, ಲೋಡ್ ಮಾಡುವ ಬದಲು ಟ್ರಾನ್ಸ್‌ಫಾರ್ಮ್ ಒತ್ತಬೇಕು. ಬಲಗಡೆ ಹಂತಗಳ ಪಟ್ಟಿಯಲ್ಲಿ ಚೇಂಜ್ಡ್ ಟೈಪ್ ಅಂತ ತಾನಾಗೇ ಸೇರಿದ್ದರೆ ಅದನ್ನು ಅಳಿಸಿ. ಆಮೇಲೆ ದಿನಾಂಕದ ಕಾಲಮಿಗೆ ಯೂಸಿಂಗ್ ಲೊಕೇಲ್‌ನಲ್ಲಿ ಇಂಗ್ಲಿಷ್ ಇಂಡಿಯಾ ಕೊಡಿ. ಒಮ್ಮೆ ಕಲಿಸಿದರೆ ಸಾಕು, ಮರುದಿನ ರಿಫ್ರೆಶ್ ಒತ್ತಿದಾಗ ಅದೇ ಹಂತಗಳು ತಾವೇ ನಡೆಯುತ್ತವೆ.

ಈ ಎರಡರಲ್ಲೂ ಒಂದು ಎಚ್ಚರಿಕೆ ಬೇಕು. ಪುಟದಲ್ಲಿ ಇವತ್ತಿನ ಸಾಲು ಮಾತ್ರ ಇದ್ದರೆ, ರಿಫ್ರೆಶ್ ಆದ ಕೂಡಲೇ ನಿನ್ನೆಯದು ಹೋಯಿತು. ದಿನಾ ಬೇರೆ ಶೀಟಿನಲ್ಲಿ ವ್ಯಾಲ್ಯೂ ಮಾತ್ರ ಪೇಸ್ಟ್ ಮಾಡಿಡಬೇಕು.

ನಾಲ್ಕನೆಯದು ಲಿಬ್ರೆ ಆಫೀಸ್ ಕ್ಯಾಲ್ಕ್, ಎಕ್ಸೆಲ್ ಥರದ್ದೇ ಇನ್ನೊಂದು ಸಾಫ್ಟ್‌ವೇರ್. ನನಗೆ ಬಹಳ ಹಿಡಿಸಿದ್ದು ಇದೇ. ಪೇಸ್ಟ್ ಸ್ಪೆಷಲ್‌ನಲ್ಲಿ ಫಾರ್ಮ್ಯಾಟ್ ಇಲ್ಲದ ಟೆಕ್ಸ್ಟ್ ಅಂತ ಆರಿಸಿದರೆ, ಹಾಕುವ ಮೊದಲೇ ಒಂದು ಕಿಟಕಿ ತೆರೆಯುತ್ತದೆ. ಕಾಲಮ್ ಬೇರ್ಪಡಿಸಲು ಟ್ಯಾಬ್‌ಗೆ ಟಿಕ್ ಹಾಕಿ, ಕೆಳಗೆ ದಿನಾಂಕದ ಕಾಲಮ್ ಮೇಲೆ ಒತ್ತಿ ಡೇಟ್ ಡಿಎಂವೈ ಅಂತ ಆರಿಸಬೇಕು, ಅಂದರೆ ದಿನ, ತಿಂಗಳು, ವರ್ಷ. ಕಂಪ್ಯೂಟರಿನ ರೀಜನ್ ಏನೇ ಇರಲಿ, 08/07 ಜುಲೈ 8 ಆಗಿಯೇ ಕೂರುತ್ತದೆ. ಸೊನ್ನೆಯಿಂದ ಶುರುವಾಗುವ ಕೋಡ್ ಇದ್ದರೆ ಆ ಕಾಲಮಿಗೆ ಟೆಕ್ಸ್ಟ್ ಕೊಟ್ಟರೆ ಸೊನ್ನೆ ಉದುರುವುದಿಲ್ಲ. ನಾವು ಹೇಳುವ ಮೊದಲೇ ಊಹೆ ಮಾಡದೆ, ನಮ್ಮನ್ನು ಕೇಳುತ್ತದಲ್ಲ, ಅದೇ ಮುಖ್ಯ. ದುಡ್ಡೂ ಕೊಡಬೇಕಾಗಿಲ್ಲ. ಆದರೆ ದಿನಾ ಕೈಯಿಂದಲೇ ಮಾಡಬೇಕು.

ಈಗ ಹಳೇ ವರ್ಷಗಳ ಟೇಬಲ್‌ಗಳನ್ನೆಲ್ಲ ಕ್ಯಾಲ್ಕ್‌ನಲ್ಲಿ ತಂದುಕೊಂಡಿದ್ದೇನೆ, ದಿನದ ಸಾಲು ಪವರ್ ಕ್ವೆರಿಯಿಂದ ಬರುತ್ತದೆ. ಮಾವ ಫೋನ್ ಮಾಡುವ ಮೊದಲು ಹದಿಮೂರನೇ ತಾರೀಖಿನ ಸಾಲೊಂದನ್ನು ತೆರೆದು, ಅದು ಬಲಕ್ಕೆ ಇದೆಯಾ ಅಂತ ನೋಡಿಕೊಳ್ಳುತ್ತೇನೆ.