ಬಾಡಿಗೆ ಕಾರಿಗೆ ಯಾವ ರೋಮನ್ ಊರು: ಓಸ್ಟಿಯಾ, ಪಾಂಪೇಯಿ, ಹರ್ಕ್ಯುಲೇನಿಯಂ

ಇಟಲಿಯಲ್ಲಿ ಕಾರು ಬಾಡಿಗೆಗೆ ಪಡೆದು ರೋಮನ್ ಅವಶೇಷಗಳನ್ನು ನೋಡಲು ಹೊರಡುವ ದಂಪತಿಗಳಿಗೆ ನಾನು ಸೂಚಿಸುವುದು ರೋಮ್ ಹತ್ತಿರದ ಓಸ್ಟಿಯಾ ಆಂಟಿಕಾವನ್ನು, ನೇಪಲ್ಸ್ ಹತ್ತಿರದ ಪಾಂಪೇಯಿಯನ್ನಲ್ಲ. ನಾನೂ ನಮ್ಮ ಯಜಮಾನರೂ ಒಂದೇ ಪ್ರವಾಸದಲ್ಲಿ ಈ ಎರಡನ್ನೂ, ಜೊತೆಗೆ ಹರ್ಕ್ಯುಲೇನಿಯಂ ಅನ್ನೂ ನೋಡಿದೆವು. ಕಾರು ಓಡಿಸುವುದು ನನ್ನ ಪಾಲು, ದಾರಿ ಹೇಳುವುದು ಅವರ ಪಾಲು. ಪಾಂಪೇಯಿ, ಹರ್ಕ್ಯುಲೇನಿಯಂ ಎರಡನ್ನೂ ಹೂತುಹಾಕಿದ ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದ ಕಥೆ ಎಲ್ಲರಿಗೂ ತಿಳಿದಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಪಾಂಪೇಯಿಯ ತೊಡಕು ಪಾರ್ಕಿಂಗ್ ಜಾಗದಲ್ಲೇ ಶುರುವಾಯಿತು. ರೋಮ್‌ನಿಂದ ಎ1 ಹೆದ್ದಾರಿಯಲ್ಲಿ ನೇಪಲ್ಸ್ ತಲುಪಿ, ಅಲ್ಲಿಂದ ಎ3 ಹಿಡಿದು ಊರಿನ ಬಳಿ ಇಳಿದರೆ, ರಸ್ತೆಬದಿಯಲ್ಲಿ ನಿಂತು ಕೈಬೀಸಿ ಕಾರುಗಳನ್ನು ತಮ್ಮತ್ತ ಕರೆಯುವವರು ಎದುರಾಗುತ್ತಾರೆ. ನಾವು ಹೊಕ್ಕ ಖಾಸಗಿ ಅಂಗಳದಲ್ಲಿ ಕಾರುಗಳನ್ನು ಒಂದರ ಹಿಂದೊಂದು ಒತ್ತಾಗಿ ನಿಲ್ಲಿಸುತ್ತಿದ್ದರು. ಒಳಗಿನ ಕಾರು ಹೊರಡಬೇಕಾದರೆ ಹೊರಗಿನದನ್ನು ಸರಿಸಲೇಬೇಕಾದ್ದರಿಂದ ಕೀಯನ್ನು ಕಾವಲಿನವರಿಗೆ ಕೊಟ್ಟು ಹೋಗಬೇಕೆಂಬುದು ಅಲ್ಲಿನ ನಿಯಮ. ನೇಪಲ್ಸ್ ಸುತ್ತಮುತ್ತ ಇದು ತೀರ ಸಾಮಾನ್ಯವಾದ ಪದ್ಧತಿ, ಸ್ಥಳೀಯರು ಇದನ್ನು ಪ್ರಶ್ನಿಸುವುದೂ ಇಲ್ಲ.

ಆದರೆ ಕಾರು ನಮ್ಮದಲ್ಲ. ಕಳುವಾದ ಸಂದರ್ಭದಲ್ಲಿ ಕೀ ಮರಳಿಸಲಾಗದಿದ್ದರೆ ವಿಮೆಯ ರಕ್ಷಣೆ ಸಿಗುವುದಿಲ್ಲವೆಂದು ಬಾಡಿಗೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೇಲಾಗಿ ಡಿಕ್ಕಿಯಲ್ಲಿ ನಮ್ಮ ಸೂಟ್‌ಕೇಸುಗಳೆಲ್ಲ ಇದ್ದವು. ಅವನ್ನು ಎಳೆದುಕೊಂಡು ಒಳಗೆ ಹೋಗುವ ಮಾತಂತೂ ಇಲ್ಲ, ಏಕೆಂದರೆ 30×30×15 ಸೆಂಟಿಮೀಟರಿಗಿಂತ ದೊಡ್ಡ ಚೀಲಕ್ಕೆ ಪಾಂಪೇಯಿಯಲ್ಲಿ ಪ್ರವೇಶವಿಲ್ಲ. "ನೀನು ನೋಡಿಕೊಂಡು ಬಾ, ನಾನು ಕಾರಿನ ಹತ್ತಿರ ಇರುತ್ತೇನೆ" ಎಂದು ಯಜಮಾನರು ಸೂಚಿಸಿದರು. ಅಷ್ಟು ದೂರ ಜೊತೆಯಾಗಿ ಬಂದು ಸರದಿಯ ಮೇಲೆ ಊರು ನೋಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ ದುಪ್ಪಟ್ಟು ಹಣ ತೆತ್ತು, ಯಾರಿಗೂ ಅಡ್ಡವಾಗದ ಗೇಟಿನ ಪಕ್ಕದ ಮೂಲೆಯನ್ನು ಪಡೆದು, ಕೀಯನ್ನು ನನ್ನ ಪರ್ಸಿನಲ್ಲೇ ಇರಿಸಿಕೊಂಡೆ. ಈ ಚೌಕಾಸಿ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ಮತ್ತು ಪಾಂಪೇಯಿಯ ಕಲ್ಲುಹಾಸಿನ ಬೀದಿಗಳಲ್ಲಿ ನೆರಳು ಬಹಳ ಕಡಿಮೆ. ದಿನಕ್ಕೆ 20,000 ಪ್ರವಾಸಿಗರ ಮಿತಿ 2024ರ ನವೆಂಬರಿನಿಂದ ಜಾರಿಯಲ್ಲಿದ್ದು, ಟಿಕೆಟಿನಲ್ಲಿ ಹೆಸರೂ ನಮೂದಾಗಿರುತ್ತದೆ. ಹೀಗಾಗಿ "ಇವತ್ತು ಬೇಡ, ನಾಳೆ ಬರೋಣ" ಎಂದು ಹಿಂದಿರುಗುವುದೂ ಸುಲಭವಲ್ಲ.

ಓಸ್ಟಿಯಾದಲ್ಲಿ ಇದಾವುದೂ ಇಲ್ಲ. ಫ್ಯೂಮಿಚಿನೋ ವಿಮಾನ ನಿಲ್ದಾಣದಲ್ಲಿ ಕಾರು ಪಡೆದರೆ ರೋಮ್ ನಗರದೊಳಕ್ಕೆ ಹೋಗದೆ, ಟೋಲ್ ಕಟ್ಟದೆ, ಸ್ವಲ್ಪ ಹೊತ್ತಿನಲ್ಲೇ ತಲುಪಬಹುದು. ಪಾರ್ಕಿಂಗ್ ಜಾಗ ಪ್ರವೇಶದ್ವಾರದ ಸಮೀಪದಲ್ಲೇ ಇದೆ. ಸೋಮವಾರ ರಜೆ ಎಂಬುದನ್ನು ಮಾತ್ರ ನೆನಪಿಡಬೇಕು.

ಓಸ್ಟಿಯಾ ಟೈಬರ್ ನದಿಯ ಮುಖದಲ್ಲಿದ್ದ ಬಂದರು. ನದಿ ಹೂಳು ತುಂಬಿ ಕಡಲು ಹಿಂದೆ ಸರಿದುದರಿಂದ ಅದೀಗ ಒಳನಾಡಿನಲ್ಲಿದೆ. ರಂಗಮಂದಿರದ ಹಿಂದಿನ ಚೌಕದ ಸುತ್ತ ಹಡಗು ವ್ಯಾಪಾರಿಗಳ ಕಚೇರಿಗಳ ಸಾಲಿದ್ದು, ಪ್ರತಿ ಕಚೇರಿಯ ಮುಂದೆ ನೆಲದ ಮೇಲೆ ಕಪ್ಪು ಬಿಳುಪು ಮೊಸಾಯಿಕ್‌ನಲ್ಲಿ ಅವರವರ ಫಲಕವಿದೆ. ಉತ್ತರ ಆಫ್ರಿಕಾದ ಕಾರ್ತೇಜಿನವರದು ಒಂದೆಡೆ, ಇಂದಿನ ಫ್ರಾನ್ಸಿನ ನಾರ್ಬೋನಿನವರದು ಇನ್ನೊಂದೆಡೆ. ಲಿಬಿಯಾದ ಸಬ್ರಥಾದ ವ್ಯಾಪಾರಿಗಳ ಮುಂದೆ ಒಂದು ಆನೆ. ದಂತ, ಸೊಂಡಿಲು ಎಲ್ಲ ಸರಿಯಾಗಿಯೇ ಇವೆ, ಕಾಲುಗಳು ಮಾತ್ರ ಆನೆಯನ್ನು ಕಂಡವರು ಒಪ್ಪುವಷ್ಟು ದಪ್ಪವಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಕೇಳಿದವರಿಗೆ, ಆ ಕಾಲದ ಕಡಲ ವ್ಯಾಪಾರ ನಡೆಯುತ್ತಿದ್ದ ರೀತಿ ಈ ಚೌಕದಲ್ಲಿ ತಿಳಿಯುವಷ್ಟು ಪಾಂಪೇಯಿಯ ಸಿರಿವಂತರ ಮನೆಗಳಲ್ಲಿ ತಿಳಿಯುವುದಿಲ್ಲ. ಹತ್ತಿರದ ಬೀದಿಯೊಂದರಲ್ಲಿ ನಮ್ಮ ದರ್ಶಿನಿಯಂಥ ತಿಂಡಿ ಅಂಗಡಿಯ ಕಲ್ಲಿನ ಕೌಂಟರ್ ಹಾಗೆಯೇ ಉಳಿದಿದೆ, ಗೋಡೆಯ ಮೇಲೆ ತಿನಿಸುಗಳ ಚಿತ್ರವೂ ಇದೆ. ಕೊಡೆಯಂತೆ ಹರಡಿದ ಪೈನ್ ಮರಗಳ ನೆರಳಿನಲ್ಲಿ ಬೇಕೆಂದಲ್ಲಿ ನಿಲ್ಲಬಹುದು. ಫಲಕಗಳನ್ನೆಲ್ಲ ಓದುತ್ತಾ ನಿಧಾನವಾಗಿ ನಡೆಯುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಹರ್ಕ್ಯುಲೇನಿಯಂ ಚಿಕ್ಕದು, ಅರ್ಧ ದಿನ ಸಾಕು. ಸುಮಾರು 20 ಮೀಟರ್ ಆಳದಲ್ಲಿ ಹೂತಿದ್ದರಿಂದ ಇದ್ದಿಲಾದ ಮರದ ಬಾಗಿಲು, ತೊಲೆ, ಮಂಚಗಳು ಕೂಡ ಉಳಿದಿವೆ. ಪಾಂಪೇಯಿಯಲ್ಲಿ ಅಂಥವು ಸಿಗುವುದು ಅಪರೂಪ. ಆದರೆ ಅದು ಎರ್ಕೊಲಾನೋ ಪೇಟೆಯ ನಟ್ಟನಡುವೆ ಇರುವುದರಿಂದ ಕಾರು ಅಲ್ಲಿ ಬರೀ ಹೊರೆ.

ಭಿತ್ತಿಚಿತ್ರಗಳ ವಿಷಯದಲ್ಲಿ ಪಾಂಪೇಯಿಗೆ ಸಾಟಿಯಿಲ್ಲ. ಮಿಸ್ಟರೀಸ್ ವಿಲ್ಲಾದ ಕೆಂಪು ಗೋಡೆಗಳಿಗಾಗಿಯೇ ಹೋಗುವವರನ್ನು ನಾನು ತಡೆಯುವುದಿಲ್ಲ. ಕಾರನ್ನು ಮಾತ್ರ ರೋಮ್‌ನಲ್ಲೇ ಮರಳಿಸಿ ಹೋಗಿ ಎನ್ನುತ್ತೇನೆ. ಬಾಡಿಗೆ, ಪೆಟ್ರೋಲು, ಟೋಲ್, ಪಾರ್ಕಿಂಗ್ ಎಲ್ಲ ಸೇರಿಸಿ ನೋಡಿದಾಗ ನಮ್ಮ ಬಜೆಟ್ಟಿನಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ನೇಪಲ್ಸ್ ಕಡೆಯ ಓಡಾಟಕ್ಕೇ. ನೇಪಲ್ಸ್‌ವರೆಗೆ ರೈಲಿನಲ್ಲಿ ಹೋದರೆ, ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ರೈಲು ಹರ್ಕ್ಯುಲೇನಿಯಂ ಮತ್ತು ಪಾಂಪೇಯಿ ಎರಡಕ್ಕೂ ಒಂದೇ ಮಾರ್ಗದಲ್ಲಿ ಕರೆದೊಯ್ಯುತ್ತದೆ. 1938ರಲ್ಲಿ ಪಾಂಪೇಯಿಯ ಮನೆಯೊಂದರಲ್ಲಿ ದೊರೆತ, 'ಪಾಂಪೇಯಿ ಲಕ್ಷ್ಮಿ' ಎಂದು ಹೆಸರಾದ ಭಾರತದ ದಂತದ ಪುಟ್ಟ ಪ್ರತಿಮೆ ನೇಪಲ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದ್ದು, ಅಲ್ಲಿಗೂ ಮೆಟ್ರೋ ಇದೆ.